ಮುಟ್ಟಾದವಳು ಮುಟ್ಟಿದರೆ ವೀಳ್ಯದ ಬಳ್ಳಿ ಬಾಡುತ್ತದೆಯೇ?

ಮುಟ್ಟಾದ ಹೆಂಗಸು ವೀಳ್ಯದ ಬಳ್ಳಿಯ ಹತ್ತಿರ ಸುಳಿಯಬಾರದು, ಬಳ್ಳಿ ಒಣಗುತ್ತದೆ. ಮಲ್ಲಿಗೆ ಕೊಯ್ಯಬಾರದು, ಮೊಗ್ಗು ಕಪ್ಪಾಗುತ್ತದೆ. ಉಪ್ಪಿನಕಾಯಿಯ ಭರಣಿಗೆ ಕೈ ಹಾಕಬಾರದು, ಬೂಸ್ಟು ಹಿಡಿಯುತ್ತದೆ. ಕಾಸರಗೋಡು, ಮಂಜೇಶ್ವರ ಸೀಮೆಯ ಕೃಷಿಕರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಈ ಮಾತುಗಳಲ್ಲಿ ಒಂದನ್ನಾದರೂ ಕೇಳದೆ ಬೆಳೆದಿರಲಾರಳು. ನಮ್ಮದು ಕ್ರೈಸ್ತ ಮನೆ, ನಮ್ಮಲ್ಲಿ ಮುಟ್ಟು ಮೈಲಿಗೆಯೆಂಬುದಿಲ್ಲ ಎಂದು ನಾವು ಹೇಳಿಕೊಳ್ಳುವುದುಂಟು. ಅದು ಅರ್ಧ ನಿಜ. ಅಡಿಗೆಮನೆಯಿಂದ ನಾವು ಯಾರನ್ನೂ ಹೊರಗೆ ಕೂರಿಸುವುದಿಲ್ಲ. ಆದರೆ ಬಳ್ಳಿ, ಮಲ್ಲಿಗೆ, ಭರಣಿ ಈ ಮೂರರ ವಿಷಯ ಬಂದಾಗ ನೆರೆಮನೆಯ ಅಜ್ಜಿ ಆಡುವ ಮಾತನ್ನೇ ನಮ್ಮ ಅಜ್ಜಿಯೂ ಆಡುತ್ತಾಳೆ. ಮಗಳು ಏಕೆಂದು ಕೇಳಿದರೆ, ಹಿಂದಿನಿಂದ ಬಂದದ್ದು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಸಲದ ಪಾಠದಲ್ಲಿ ಆ ಮಾತನ್ನು ಅಷ್ಟಕ್ಕೇ ಬಿಡದೆ, ಗೊಬ್ಬರವನ್ನೋ ಬೀಜವನ್ನೋ ಪರೀಕ್ಷಿಸುವ ಹಾಗೆ ಪರೀಕ್ಷಿಸಿ ನೋಡೋಣ.

ಮೊದಲು ಹೆಸರುಗಳನ್ನು ಗಮನಿಸಿ. ಕನ್ನಡದಲ್ಲಿ ತಿಂಗಳ ಸ್ರಾವಕ್ಕೂ ಕೈಯಿಂದ ಮುಟ್ಟುವುದಕ್ಕೂ ಒಂದೇ ಶಬ್ದ. ಹೊರಗಾದಳು, ದೂರ ಕೂತಳು, ರಜೆ ಆಯಿತು, ಕಾಗೆ ಮುಟ್ಟಿತು ಎಂದೆಲ್ಲ ಹೇಳುತ್ತೇವೆ. ಇಷ್ಟು ಹೆಸರುಗಳಲ್ಲಿ ಒಂದಾದರೂ ದೇಹದಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ. ಎಲ್ಲವೂ ಅವಳು ಎಲ್ಲಿರಬೇಕು, ಏನನ್ನು ಮುಟ್ಟಬಾರದು ಎಂಬುದನ್ನೇ ಹೇಳುತ್ತವೆ. ಹನ್ನೆರಡು ವರ್ಷದ ಹುಡುಗಿಗೆ ಕಾಗೆಯ ಕಥೆ ಮಾತ್ರ ಗೊತ್ತಿದ್ದರೆ, ಮೊದಲ ಸಲ ಬಟ್ಟೆಯಲ್ಲಿ ರಕ್ತ ಕಂಡಾಗ ಅವಳು ತನಗೆ ದೊಡ್ಡ ಕಾಯಿಲೆ ಬಂತೆಂದು ಹೆದರುವುದರಲ್ಲಿ ಆಶ್ಚರ್ಯವಿಲ್ಲ.

ಈ ನಂಬಿಕೆ ನಮ್ಮ ಊರಿನದು ಮಾತ್ರ ಎಂದು ತಿಳಿಯಬೇಡಿ. ಕ್ರಿ.ಶ. 77ರ ಸುಮಾರಿಗೆ ರೋಮಿನ ಪ್ಲಿನಿ ಎಂಬ ವಿದ್ವಾಂಸ ಪ್ರಕೃತಿಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇದೇ ಮಾತುಗಳಿವೆ. ಮುಟ್ಟಾದವಳು ಹತ್ತಿರ ಬಂದರೆ ಹೊಸ ದ್ರಾಕ್ಷಾರಸ ಹುಳಿಯಾಗುತ್ತದೆ, ಪೈರು ಬಂಜೆಯಾಗುತ್ತದೆ, ಕಸಿ ಕಟ್ಟಿದ ಗಿಡ ಸಾಯುತ್ತದೆ ಎಂದು ಅವನು ಬರೆದ. ನಮ್ಮ ಉಪ್ಪಿನಕಾಯಿಯ ಜಾಗದಲ್ಲಿ ಅವರ ದ್ರಾಕ್ಷಾರಸ, ಅಷ್ಟೇ ವ್ಯತ್ಯಾಸ. ತಮಾಷೆಯೆಂದರೆ ಅದೇ ಗ್ರಂಥದ ಇನ್ನೊಂದು ಕಡೆ, ಮುಟ್ಟಾದ ಹೆಂಗಸು ಹೊಲದ ಸುತ್ತ ನಡೆದರೆ ಕಂಬಳಿಹುಳ, ದುಂಬಿಗಳೆಲ್ಲ ಪೈರಿನಿಂದ ಉದುರಿ ಬೀಳುತ್ತವೆ ಎಂದೂ ಬರೆದಿದ್ದಾನೆ! ಪೈರನ್ನು ಕೊಲ್ಲುವುದೂ ಅವಳೇ, ಪೈರಿನ ಹುಳವನ್ನು ಕೊಲ್ಲುವುದೂ ಅವಳೇ.

ಸಾವಿರದ ಎಂಟುನೂರು ವರ್ಷಗಳ ಮೇಲೆ, 1920ರಲ್ಲಿ, ಈ ನಂಬಿಕೆ ವಿಜ್ಞಾನದ ಅಂಗಿ ತೊಟ್ಟು ಬಂತು. ವಿಯೆನ್ನಾದ ಮಕ್ಕಳ ಡಾಕ್ಟರು ಬೇಲಾ ಶಿಕ್ ಸಾಮಾನ್ಯರಲ್ಲ. ಡಿಫ್ತೀರಿಯಾ ಕಾಯಿಲೆ ಯಾರಿಗೆ ಬರಬಹುದೆಂದು ತಿಳಿಯುವ ಪರೀಕ್ಷೆಯನ್ನು ಕಂಡುಹಿಡಿದವರು. ಅವರು ಒಮ್ಮೆ ತಮಗೆ ಬಂದ ಗುಲಾಬಿ ಹೂಗಳನ್ನು ನೀರಿನಲ್ಲಿಡಲು ಕೆಲಸದವಳಿಗೆ ಕೊಟ್ಟರು. ಮರುದಿನ ಹೂಗಳು ಬಾಡಿದ್ದವು. ಕೇಳಿದಾಗ, ತಾನು ಮುಟ್ಟಾದ ದಿನಗಳಲ್ಲಿ ಹೂ ಮುಟ್ಟಿದರೆ ಹೀಗೆಯೇ ಆಗುವುದೆಂದು ಅವಳು ಹೇಳಿದಳು. ಶಿಕ್ ಕೆಲವು ಹೂಗಳನ್ನು ಅವಳ ಕೈಗೂ ಇತರರ ಕೈಗೂ ಕೊಟ್ಟು ನೋಡಿ, ಮುಟ್ಟಾದವರ ಬೆವರಿನಲ್ಲಿ, ರಕ್ತದಲ್ಲಿ ಒಂದು ವಿಷವಿದೆಯೆಂದು ಬರೆದರು. ಅದಕ್ಕೆ ಮೆನೋಟಾಕ್ಸಿನ್ ಎಂದು ಹೆಸರನ್ನೂ ಇಟ್ಟರು. ಅದಾಗಿ ಕೆಲವೇ ವರ್ಷಗಳಲ್ಲಿ ಅಮೇರಿಕದ ಡೇವಿಡ್ ಮ್ಯಾಕ್ಟ್ ಎಂಬವರು ಲುಪಿನ್ ಎಂಬ ದ್ವಿದಳ ಸಸ್ಯದ ಎಳೆಯ ಬೇರುಗಳನ್ನು ಮುಟ್ಟಾದವರ ರಕ್ತದ ತಿಳಿಯಲ್ಲಿಟ್ಟು, ಬೇರು ಬೆಳೆಯುವುದು ಕುಂಠಿತವಾಯಿತೆಂದು ಹೇಳಿದರು. ನಮ್ಮ ಅಜ್ಜಿಯಂದಿರ ಮಾತಿಗೆ ಪ್ರಯೋಗಾಲಯದ ಮುದ್ರೆ ಬಿದ್ದಂತಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಎರಡು ಸಾಲು ಬದನೆಗೆ ಬೂದಿ ಹಾಕಿ, ಎರಡು ಸಾಲಿಗೆ ಹಾಕದೆ ಬಿಟ್ಟು ಫಲ ನೋಡುತ್ತೀರಿ ಎನ್ನಿ. ಬೂದಿ ಹಾಕಿದ ಸಾಲು ಬಾವಿಯ ಬದಿಯಲ್ಲೂ ಹಾಕದ ಸಾಲು ಬಿಸಿಲ ದಿಬ್ಬದಲ್ಲೂ ಇದ್ದರೆ ಆ ಪರೀಕ್ಷೆಗೆ ಬೆಲೆಯಿದೆಯೇ? ಶಿಕ್ ನೋಡಿದ್ದು ಕೆಲವೇ ಹೂಗಳನ್ನು, ಮುಖ್ಯವಾಗಿ ಒಬ್ಬಳೇ ಹೆಂಗಸನ್ನು. ಯಾವ ಹೂ ಯಾರ ಕೈಯದೆಂದು ನೋಡುವವರಿಗೆ ಮೊದಲೇ ಗೊತ್ತಿತ್ತು. ಬಾಡುತ್ತದೆಂದು ಕಾದು ನೋಡುವವನ ಕಣ್ಣಿಗೆ ಬಾಡಿದ ಎಸಳೇ ಮೊದಲು ಬೀಳುತ್ತದೆ.

ಬಳಿಕ ಬೇರೆ ಕೆಲವರು ತಿಂಗಳ ಸ್ರಾವವನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ವಿಷದ ವಾದ ಗೆದ್ದಿತೆಂದೇ ಹಲವರು ಭಾವಿಸಿದರು. 1953ರಲ್ಲಿ ಜೆರುಸಲೇಮಿನ ಬೆರ್ನ್‌ಹಾರ್ಡ್ ಝೋಂಡೆಕ್ ಎಂಬ ಹೆರಿಗೆ ತಜ್ಞರು ಅದೇ ಪರೀಕ್ಷೆಯನ್ನು ಒಂದು ಬದಲಾವಣೆಯೊಂದಿಗೆ ಮಾಡಿದರು. ಸ್ರಾವಕ್ಕೆ ರೋಗಾಣುಗಳನ್ನು ಕೊಲ್ಲುವ ಆಂಟಿಬಯೋಟಿಕ್ ಮದ್ದು ಬೆರೆಸಿ ಚುಚ್ಚಿದರು. ಇಲಿಗಳು ಬದುಕಿದವು! ಕೊಂದದ್ದು ಹೆಣ್ಣಿನ ರಕ್ತದ ವಿಷವಲ್ಲ, ಹೊರಬಂದ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾ. ಆಡಿನ ರಕ್ತವಾಗಲಿ, ಹಾಲಾಗಲಿ, ಹೊತ್ತು ಕಳೆದರೆ ಆಗುವುದೂ ಅದೇ. ಈ ಪರೀಕ್ಷೆಯ ಮಾತನ್ನು ನೆನಪಿಟ್ಟುಕೊಳ್ಳಿ, ಬಟ್ಟೆಯ ವಿಷಯ ಬಂದಾಗ ಬೇಕಾಗುತ್ತದೆ.

ಇಂಗ್ಲೆಂಡಿನ ಪಿಕಲ್ಸ್ ಎಂಬ ಇನ್ನೊಬ್ಬ ವಿಜ್ಞಾನಿ 1957ರಲ್ಲಿ ಆ ಸ್ರಾವದಲ್ಲಿ ಸ್ನಾಯುಗಳನ್ನು ಬಿಗಿಹಿಡಿಯುವ ಒಂದು ವಸ್ತುವನ್ನು ಕಂಡರು. ಅದು ಪ್ರೋಸ್ಟಾಗ್ಲಾಂಡಿನ್ ಎಂದು ಮುಂದೆ ತಿಳಿಯಿತು. ಗರ್ಭಕೋಶ ತನ್ನ ಒಳಪೊರೆಯನ್ನು ಹೊರಹಾಕಲು ಹಿಂಡಿಕೊಳ್ಳುವುದು ಇದರಿಂದಲೇ. ಅದು ಹೆಚ್ಚಾದರೆ ಕಿಬ್ಬೊಟ್ಟೆ ನುಲಿಯುತ್ತದೆ, ಕೆಲವರಿಗೆ ವಾಂತಿ, ಭೇದಿಯೂ ಆಗುತ್ತದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳು ಈ ನೋವಿಗೆ ಕೆಲಸ ಮಾಡುವುದು ಅವು ಈ ವಸ್ತುವಿನ ಉತ್ಪತ್ತಿಯನ್ನು ತಗ್ಗಿಸುವುದರಿಂದ. ಡಾಕ್ಟರ ಸಲಹೆಯಂತೆ, ಊಟದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಉಬ್ಬಸ ಇದ್ದವರು ಕೇಳದೆ ತೆಗೆದುಕೊಳ್ಳಲೇಬಾರದು. ಹೂ ಬಾಡಿಸುವ ವಿಷವನ್ನು ಹುಡುಕಿದವರಿಗೆ ಅದು ಸಿಗಲಿಲ್ಲ. ಹುಡುಗಿ ಹೊಟ್ಟೆ ಹಿಡಿದು ಮಲಗುವುದೇಕೆಂದು ಹುಡುಕಿದವರಿಗೆ ಕಾರಣವೂ ಸಿಕ್ಕಿತು, ಮದ್ದೂ ಸಿಕ್ಕಿತು.

ಪ್ರಯೋಗಾಲಯ ದೂರದ ಮಾತು ಎನ್ನುವವರಿಗೆ ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ತಿಂಗಳಿಗೆ 28 ದಿನ, ಮುಟ್ಟು 4 ದಿನ ಎಂದಿಟ್ಟುಕೊಳ್ಳಿ. ಹಾಗಾದರೆ ಮುಟ್ಟು ನಿಲ್ಲದ ವಯಸ್ಸಿನ ಹೆಂಗಸರಲ್ಲಿ ಯಾವ ದಿನ ಎಣಿಸಿದರೂ ಏಳರಲ್ಲಿ ಒಬ್ಬಳು ಮುಟ್ಟಾಗಿರುತ್ತಾಳೆ. ನೇಜಿ ನೆಡಲು ಇಪ್ಪತ್ತು ಮಂದಿ ಗದ್ದೆಗೆ ಇಳಿದರೆ ಮೂವರು. ನೀಲಗಿರಿಯ ಚಹಾ ತೋಟದಲ್ಲಿ ಚಿಗುರು ಕೀಳುವ ಇನ್ನೂರು ಹೆಂಗಸರಲ್ಲಿ ಇಪ್ಪತ್ತೆಂಟು ಮಂದಿ. ಅವರು ಯಾರಿಗೂ ಹೇಳುವುದಿಲ್ಲ, ಮೇಸ್ತ್ರಿ ಕೇಳುವುದೂ ಇಲ್ಲ. ಮುಟ್ಟಾದವಳ ಬೆರಳು ತಾಗಿ ಚಿಗುರು ಬಾಡುವುದಾಗಿದ್ದರೆ ಆ ಗುಡ್ಡಗಳಲ್ಲಿ ನೂರೈವತ್ತು ವರ್ಷಗಳಿಂದ ಚಹಾ ಉಳಿಯುತ್ತಿತ್ತೇ? ಪೇಟೆಯಲ್ಲಿ ನಾವು ಕೊಂಡು ತರುವ ಮಲ್ಲಿಗೆ ಚೆಂಡನ್ನು ಯಾರು ಕೊಯ್ದರು, ಯಾರು ಕಟ್ಟಿದರು ಎಂದು ನಾವು ವಿಚಾರಿಸುವುದೂ ಇಲ್ಲವಲ್ಲ.

ಹಾಗಾದರೆ ವೀಳ್ಯದ ಬಳ್ಳಿ ಸಾಯುವುದೇಕೆ? ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಫೈಟಾಫ್ತೊರಾ ಎಂಬ ಶಿಲೀಂಧ್ರವನ್ನು ಹೋಲುವ ರೋಗಾಣು ಬುಡ ಕೊಳೆಸುತ್ತದೆ. ಕರಿಮೆಣಸಿನ ಬಳ್ಳಿಯನ್ನು ವಾರದೊಳಗೆ ಮಲಗಿಸುವ ಸೊರಗು ರೋಗಕ್ಕೂ, ಅಡಿಕೆಯ ಕೊಳೆರೋಗಕ್ಕೂ ಇದರ ಬಳಗವೇ ಕಾರಣ. ಕೊಳೆರೋಗದ ಮೂಲವನ್ನು ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಭ್ಯಾಸ ಮಾಡಿ, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಅಡಿಕೆ ಬೆಳೆಗಾರರಿಗೆ ಕಲಿಸಿಕೊಟ್ಟರು. ಬಳ್ಳಿಗೂ ಅದೇ ಮದ್ದು. ಮಳೆಗೆ ಮೊದಲು ಚರಂಡಿ ಬಿಡಿಸಿ, ಬಲಿತ ಎಲೆ ಕೊಯ್ದುಕೊಂಡು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರಿನ ದ್ರಾವಣವನ್ನು ಬುಡಕ್ಕೂ ಎಲೆಗೂ ಕೊಡುವುದು. ಮಲ್ಲಿಗೆಯ ಮೊಗ್ಗು ಹಾಳಾಗುವುದು ಮೊಗ್ಗು ಕೊರೆಯುವ ಹುಳದಿಂದ, ಅಕಾಲದ ಮಳೆಯಿಂದ. ಭರಣಿಯಲ್ಲಿ ಬೂಸ್ಟು ಬರುವುದು ಒದ್ದೆ ಸೌಟಿನಿಂದ, ಕಡಿಮೆಯಾದ ಉಪ್ಪಿನಿಂದ. ಬಳ್ಳಿ ಸತ್ತಾಗ ಸೊಸೆಯ ಕಡೆ ಬೆರಳು ತೋರಿಸುವ ಮನೆಯಲ್ಲಿ ಚರಂಡಿ ಬಿಡಿಸಲು ಯಾರೂ ಹೋಗುವುದಿಲ್ಲ. ಕೃಷಿಯ ದೃಷ್ಟಿಯಿಂದ ಈ ನಂಬಿಕೆಯ ದೊಡ್ಡ ನಷ್ಟ ಇದು.

ಆದರೂ ಹಿರಿಯರ ಎಲ್ಲ ಮಾತನ್ನೂ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ. ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿಯಲ್ಲಿ, ನಮ್ಮ ನೆರೆಮನೆಯವರು ಕೆಡ್ಡಸ ಆಚರಿಸುವುದನ್ನು ನೀವು ಬಲ್ಲಿರಿ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಆ ಮೂರು ದಿನ ನೇಗಿಲು ಹೂಡುವುದಿಲ್ಲ, ಹಾರೆ ಹಾಕುವುದಿಲ್ಲ, ಹಸಿರು ಕಡಿಯುವುದಿಲ್ಲ. ಕೊನೆಗೆ ಮನೆಯ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ, ಕುಂಕುಮ ಇಟ್ಟು ಅವಳ ಸ್ನಾನ ಮಾಡಿಸುತ್ತಾರೆ. ಮಲಬಾರಿನಲ್ಲಿ ಇದೇ ಮಕರ ಮಾಸದ ಕೊನೆಗೆ ಉಚ್ಚಾರಲ್ ಇದೆ. ಒಡಿಶಾದಲ್ಲಿ ಜೂನ್ ನಡುವೆ ರಜ ಹಬ್ಬವಿದೆ. ಅಲ್ಲಿ ಹುಡುಗಿಯರು ಹೊಸ ಬಟ್ಟೆ ತೊಟ್ಟು ಉಯ್ಯಾಲೆಯಾಡುತ್ತಾರೆ. ಇಲ್ಲೆಲ್ಲ ಮುಟ್ಟೆಂದರೆ ಫಲ ಕೊಡುವ ಶಕ್ತಿ, ಅದಕ್ಕೆ ವಿಶ್ರಾಂತಿ ಬೇಕು ಎಂಬ ಭಾವನೆ. ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ನೆಲಕ್ಕೆ ಎಣ್ಣೆ ಇಟ್ಟ ಕೈಯೇ ಮಗಳಿಗೆ ದೂರ ನಿಲ್ಲೆಂದು ಹೇಳುತ್ತದೆ. ಇದು ಹೇಗೆಂದು ಹಿರಿಯರನ್ನು ಕೇಳಬೇಕು. ಕೇಳುವುದು ಜಗಳಕ್ಕಲ್ಲ, ತಿಳಿಯುವುದಕ್ಕೆ.

ಮಾತೆಯರ ಸಂಘದವರೋ ಯುವತಿಯರೋ ಇಂಥ ಅಭ್ಯಾಸಕ್ಕೆ ಕೈಹಾಕುವುದಾದರೆ ಕೇಳುವ ಕ್ರಮ ಮುಖ್ಯ. ನೀವು ಇದನ್ನು ನಂಬುತ್ತೀರಾ ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ, ಮುಖ್ಯವಾಗಿ ಕೇಳುವವಳು ಕಾಲೇಜು ಓದಿದವಳಾದರೆ. ಹೋದ ತಿಂಗಳು ಆ ದಿನಗಳಲ್ಲಿ ಏನು ಮಾಡಿದಿರಿ, ಏನು ಮಾಡಲಿಲ್ಲ, ಬಟ್ಟೆ ಎಲ್ಲಿ ಒಣಗಿಸಿದಿರಿ ಎಂದು ಕೇಳಿ. ಅಜ್ಜಿ, ಅತ್ತೆ, ಸೊಸೆ, ಮೊಮ್ಮಗಳು ಎಲ್ಲರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿ ಕೇಳಿದರೆ ಅಜ್ಜಿಯ ಉತ್ತರ ಮಾತ್ರ ಸಿಗುತ್ತದೆ. ಒಬ್ಬೊಬ್ಬರನ್ನು ಪ್ರತ್ಯೇಕ ಕೇಳಬೇಕು. ಪುಸ್ತಕದಲ್ಲಿ ಹೆಸರು ಬರೆಯಬಾರದು. ಗಂಡಸರನ್ನೂ ಕೇಳಬೇಕು. ಅವರಿಗೆ ತಿಳಿದದ್ದು ಎಷ್ಟು ಕಡಿಮೆಯೆಂಬುದೂ ಒಂದು ಫಲಿತಾಂಶವೇ. ಮೂರು ದಿನ ದೂರ ಕೂತದ್ದೇ ಜೀವನದಲ್ಲಿ ತನಗೆ ಸಿಕ್ಕಿದ ವಿಶ್ರಾಂತಿ ಎಂದು ಒಬ್ಬ ಅಜ್ಜಿ ಹೇಳಿದರೆ ಅದನ್ನೂ ಹಾಗೆಯೇ ಬರೆದುಕೊಳ್ಳಿ. ತಾನಾಗಿ ಕೇಳಿ ಪಡೆದ ವಿಶ್ರಾಂತಿ ಒಂದು, ಕೊಟ್ಟಿಗೆಯ ಬದಿಗೆ ಕಳುಹಿಸುವುದು ಇನ್ನೊಂದು. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬೇಡಿ. ಬಳ್ಳಿಯ ಪರೀಕ್ಷೆಯನ್ನೂ ಮಾಡಬಹುದು. ಒಂದೇ ವಯಸ್ಸಿನ ಹತ್ತು ಬಳ್ಳಿ, ಒಂದೇ ನೆರಳು, ಒಂದೇ ನೀರು; ಐದನ್ನು ಆ ದಿನಗಳಲ್ಲಿ ಮುಟ್ಟುವುದು, ಐದನ್ನು ಬಿಡುವುದು. ಮೂರು ತಿಂಗಳ ಮೇಲೆ ಯಾವುದು ಯಾವುದೆಂದು ತಿಳಿಯದ ಹಿರಿಯ ಕೃಷಿಕರೊಬ್ಬರನ್ನು ಕರೆದು ಆರಿಸಲು ಹೇಳಿ.

ಚರ್ಚಿನ ವಿಷಯವೂ ಬರುತ್ತದೆ. ಆ ದಿನಗಳಲ್ಲಿ ವಾಚನ ಓದಬಾರದು, ಪೀಠದ ಹೂ ಜೋಡಿಸಬಾರದು, ಪರಮಪ್ರಸಾದ ಸ್ವೀಕರಿಸಬಾರದು ಎಂದುಕೊಂಡು ಹಿಂದೆ ಉಳಿಯುವ ಹುಡುಗಿಯರು ಇದ್ದಾರೆ. ಯಾಜಕಕಾಂಡದ 15ನೇ ಅಧ್ಯಾಯದಲ್ಲಿ ಏಳು ದಿನದ ಅಶುದ್ಧಿಯ ನಿಯಮವಿರುವುದು ನಿಜ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ದಿಯೊನೀಸಿಯುಸ್ ಇಂಥವರು ಪರಮಪ್ರಸಾದದ ಹತ್ತಿರ ಬರಬಾರದೆಂದದ್ದೂ ನಿಜ. ಆದರೆ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಗುಂಪಿನ ನಡುವೆ ಬಂದು ಯೇಸುವಿನ ಬಟ್ಟೆ ಮುಟ್ಟಿದಾಗ ಆತನು ಅಶುದ್ಧನಾದೆನೆಂದು ಹಿಂದೆ ಸರಿಯಲಿಲ್ಲ, ಅವಳನ್ನು ಮಗಳೇ ಎಂದು ಕರೆದನು. ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯ ನೋಡಿ. ಕ್ರಿ.ಶ. 601ರ ಸುಮಾರಿಗೆ ಇಂಗ್ಲೆಂಡಿನಲ್ಲಿದ್ದ ಅಗಸ್ಟೀನ್ ಎಂಬ ಧರ್ಮಾಧ್ಯಕ್ಷರು ಇದೇ ಪ್ರಶ್ನೆ ಕೇಳಿದಾಗ, ಮಹಾ ಗ್ರೆಗೊರಿ ಜಗದ್ಗುರುಗಳು ಇದೇ ಹೆಂಗಸನ್ನು ನೆನೆದು, ಮುಟ್ಟಾದವಳನ್ನು ದೇವಾಲಯದಿಂದಲೂ ಪರಮಪ್ರಸಾದದಿಂದಲೂ ತಡೆಯಬಾರದೆಂದು ಉತ್ತರಿಸಿದರೆಂದು ಮಠವಾಸಿ ಬೀಡ್ ಬರೆದ ಚರಿತ್ರೆಯಲ್ಲಿದೆ. 1983ರ ಧರ್ಮಸಭೆಯ ಕಾನೂನು ಗ್ರಂಥದಲ್ಲಿ ಇಂಥ ಯಾವ ತಡೆಯೂ ಇಲ್ಲ.

ನಂಬಿಕೆ ಬರಿಯ ಮಾತಾಗಿ ಉಳಿಯುವುದಿಲ್ಲ. ತುಮಕೂರು, ಚಿತ್ರದುರ್ಗ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ಪದ್ಧತಿಯಿದೆ. 2023ರ ಜುಲೈಯಲ್ಲಿ ತುಮಕೂರು ಹತ್ತಿರದ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ಮಳೆ ಚಳಿಗೆ ತೀರಿಕೊಂಡಿತು. ಹೀಗೆ ಬಲವಂತದಿಂದ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿ ತಡೆ ಕಾಯಿದೆಯಂತೆ ಅಪರಾಧ. ಸೋಲಾಪುರದಿಂದ ಉತ್ತರಕ್ಕೆ ಬೀಡ್ ಜಿಲ್ಲೆಯಿದೆ. ಕಬ್ಬು ಕಡಿಯಲು ಅಲ್ಲಿನ ಗಂಡ ಹೆಂಡತಿ ಜೋಡಿಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಾನೆ. ಮುಟ್ಟಿನ ತೊಂದರೆಯೇ ಬೇಡವೆಂದು ಗರ್ಭಕೋಶವನ್ನೇ ತೆಗೆಸಿಕೊಂಡವರ ವಿಷಯ 2019ರಲ್ಲಿ ದೊಡ್ಡ ಸುದ್ದಿಯಾಯಿತು. ಸರಕಾರ ನೇಮಿಸಿದ ಸಮಿತಿ ವಿಚಾರಿಸಿದ 82,309 ಹೆಂಗಸರಲ್ಲಿ 13,861 ಮಂದಿಗೆ ಈ ಶಸ್ತ್ರಕ್ರಿಯೆ ಆಗಿತ್ತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು. ಆದರೆ ದಿನಗೂಲಿಗೆ ಅಡಿಕೆ ಸುಲಿಯುವವಳಿಗೆ ರಜೆಯ ಅರ್ಜಿ ಕೊಡಲು ಕಚೇರಿಯೇ ಇಲ್ಲ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರಿಗೆ ಬಾಗಿಲಿರುವ ಒಂದು ಕಕ್ಕಸು, ಕೈ ತೊಳೆಯಲು ಒಂದು ಕೊಡ ನೀರು ಇದೆಯೇ ಎಂದು ಯಜಮಾನರು ನೋಡಿಕೊಳ್ಳಬಹುದು. ಇಲ್ಲದಿದ್ದರೆ ಅವರು ಬೆಳಗಿನಿಂದ ನೀರು ಕುಡಿಯದೆ ಕೆಲಸ ಮಾಡುತ್ತಾರೆ, ಮೂತ್ರದ ಉರಿ ತಂದುಕೊಳ್ಳುತ್ತಾರೆ.

ಈಗ ಬಟ್ಟೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಬಟ್ಟೆ ಬಳಸುವುದಾಗಿ ಹೇಳಿದರು. ಬಟ್ಟೆ ಕೆಟ್ಟದ್ದಲ್ಲ, ಅದನ್ನು ಅಡಗಿಸುವುದು ಕೆಟ್ಟದ್ದು. ಯಾರೂ ಕಾಣಬಾರದೆಂದು ಲಂಗದ ಅಡಿಯಲ್ಲಿ, ಬಚ್ಚಲಿನ ಮೂಲೆಯಲ್ಲಿ ಹಾಕಿದರೆ ಅದು ಒಣಗುವುದಿಲ್ಲ. ಝೋಂಡೆಕ್ ಕಂಡ ಬ್ಯಾಕ್ಟೀರಿಯಾಕ್ಕೆ ಬೇಕಾದ ತೇವ ಅಲ್ಲಿದೆ. ತಣ್ಣೀರಿನಲ್ಲಿ ರಕ್ತ ಬಿಡಿಸಿ, ಸಾಬೂನು ಹಾಕಿ ಒಗೆದು, ಬೇರೆ ಬಟ್ಟೆಗಳ ಸಾಲಿನಲ್ಲೇ ಬಿಸಿಲಿಗೆ ಹರಡಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಟಿ ಮುಗಿಯುವವರೆಗೆ ಬಿಸಿಲೇ ಇಲ್ಲವಲ್ಲ ಎನ್ನುತ್ತೀರಿ. ಆಗ ಒಲೆಯ ಮೇಲಿನ ಅಟ್ಟದ ಬಿಸಿಗೆ ಒಣಗಿಸಿ ಇಸ್ತ್ರಿ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಬಟ್ಟೆಯಾಗಲಿ ಪ್ಯಾಡಾಗಲಿ ನಾಲ್ಕರಿಂದ ಆರು ಗಂಟೆಗೆ ಬದಲಾಯಿಸಬೇಕು. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಗ್ರಾಮದಲ್ಲಿ 2022ರ ಜನವರಿಯಿಂದ ಪ್ಯಾಡಿನ ಬದಲು ಮುಟ್ಟಿನ ಕಪ್ಪು ಬಳಸುವ ಪ್ರಯತ್ನ ನಡೆದಿದೆ. ಒಂದು ಕಪ್ಪು ಹಲವು ವರ್ಷ ಬಾಳುತ್ತದೆ, ತೋಟದ ಮೂಲೆಯಲ್ಲಿ ಸುಡುವ ಕಸವಿಲ್ಲ. ತಿಂಗಳಿಗೊಮ್ಮೆ ನೀರಿನಲ್ಲಿ ಕುದಿಸಬೇಕು.

ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎರಡು ಮೂರು ದೊಡ್ಡ ಚಮಚ. ಕಡಿಮೆಯೆಂದು ತೋರಿದರೂ ಅದರೊಡನೆ ಕಬ್ಬಿಣದ ಅಂಶ ಹೋಗುತ್ತದೆ. ಅದೇ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಹೀಗಿರುವಾಗ ಮುಟ್ಟಾದ ಹುಡುಗಿಗೆ ಮೊಟ್ಟೆ, ಮೀನು ಕೊಡಬಾರದೆಂಬ ಮನೆಗಳಿಗೆ ಏನು ಹೇಳುವುದು? ಹುರುಳಿ, ನುಗ್ಗೆಸೊಪ್ಪು, ಮೀನು, ಕರುಳಿಗಿಂತ ಹೆಚ್ಚಾಗಿ ಪಿತ್ತಜನಕಾಂಗ, ಜೊತೆಗೆ ಒಂದಿಷ್ಟು ಲಿಂಬೆರಸ ಕೊಡಿ. ಊಟದ ಬೆನ್ನಿಗೇ ಚಹಾ ಕೊಡಬೇಡಿ, ಅದು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಹುಡುಗಿ ಬಿಸಾಡುತ್ತಾಳೆಯೇ ಎಂದು ವಿಚಾರಿಸಿ.

ಪ್ಯಾಡು ಗಂಟೆಗೊಮ್ಮೆ ತೊಯ್ದುಹೋಗುವುದು, ಏಳೆಂಟು ದಿನ ಕಳೆದರೂ ನಿಲ್ಲದಿರುವುದು, ದುರ್ವಾಸನೆಯ ಬಿಳಿಸೆರಗು, ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಇವುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು. ಗರ್ಭಕೋಶ ತೆಗೆಯಬೇಕೆಂದು ಒಬ್ಬ ಡಾಕ್ಟರು ಹೇಳಿದರೆ ಇನ್ನೊಬ್ಬರನ್ನು ಕೇಳಿದ ಮೇಲೆಯೇ ಒಪ್ಪಿ. ಮುಟ್ಟು ನಿಂತು ಒಂದು ವರ್ಷವಾದ ತಾಯಂದಿರಿಗೆ ಮತ್ತೆ ರಕ್ತ ಕಂಡರೆ, ಅದು ಒಂದೇ ತೊಟ್ಟಾದರೂ, ಕ್ಯಾನ್ಸರಿನ ಪರೀಕ್ಷೆ ಆಗಬೇಕು. ನಾಚಿಕೆಯಿಂದ ಆರು ತಿಂಗಳು ಕಾದು ಬರುವವರೇ ಹೆಚ್ಚು. ಅದೇ ವಾರದಲ್ಲಿ ಹೋಗಿ.